ಹೃದ್ರೋಗಿಗೆ ರೊಟ್ಟಿ ಬಿಡಿಸಬೇಡಿ, ತಾಟಿನ ಅಂಚು ನೋಡಿ

ಸ್ಟೆಂಟ್ ಹಾಕಿಸಿಕೊಂಡೋ ಬೈಪಾಸ್ ಮುಗಿಸಿಕೊಂಡೋ ಹುಬ್ಬಳ್ಳಿಯಿಂದ ಊರಿಗೆ ಹೊರಟವರ ಫೈಲಿನಲ್ಲಿ ಮಾತ್ರೆ ಚೀಟಿಯ ಜೊತೆಗೆ ಊಟದ ಹಾಳೆಯೂ ಒಂದಿರುತ್ತದೆ. ಓಟ್ಸ್, ಬ್ರೌನ್ ಬ್ರೆಡ್, ಸಲಾಡ್, ಆಲಿವ್ ಎಣ್ಣೆ. ನವಲಗುಂದದ ಕಡೆಯ ಮನೆಯೊಂದರಲ್ಲಿ ಇದು ಒಂದು ವಾರ ನಡೆದರೆ ಹೆಚ್ಚು. ಆಮೇಲೆ ಹಾಳೆ ಕ್ಯಾಲೆಂಡರಿನ ಹಿಂದೆ ಸೇರುತ್ತದೆ, ಊಟ ಮೊದಲಿನ ದಾರಿ ಹಿಡಿಯುತ್ತದೆ. ಇದಕ್ಕೆ ರೋಗಿಯನ್ನು ಬೈದು ಪ್ರಯೋಜನವಿಲ್ಲ. ಹಾಳೆ ಬರೆದವರು ಅವರ ತಾಟು ನೋಡಿರುವುದಿಲ್ಲ.

ಒಬ್ಬೊಬ್ಬರ ಕಾಯಿಲೆ, ಮಾತ್ರೆ, ಮನೆ, ದುಡಿಮೆ ನೋಡಿ ಊಟ ಗೊತ್ತು ಮಾಡುವ ಕೆಲಸ ಡಯಟಿಶಿಯನ್‌ರದು. ಅವರ ಮುಂದೆ ಕೂರಲು ಸಿಗುವ ಹೊತ್ತು ಕಡಿಮೆ. ಆ ಹೊತ್ತು ಪೋಲಾಗದಂತೆ ಹೇಗೆ ತಯಾರಾಗಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ನೋಡೋಣ.

1. ಯಾವ ಹೃದ್ರೋಗ ಎಂದು ಕೇಳಿ ಬರೆದುಕೊಳ್ಳಿ

‘ಹಾರ್ಟ್ ಪ್ರಾಬ್ಲಂ ಐತ್ರಿ’ ಎಂದರೆ ಊಟ ಹೇಳುವವರಿಗೆ ಏನೂ ಹೇಳಿದಂತಾಗುವುದಿಲ್ಲ. ರಕ್ತನಾಳದಲ್ಲಿ ಬ್ಲಾಕ್ ಇದ್ದವರಿಗೆ ಮುಖ್ಯ ಚಿಂತೆ ‘ಕೆಟ್ಟ’ದೆನ್ನುವ ಎಲ್‌ಡಿಎಲ್ ಕೊಲೆಸ್ಟ್ರಾಲ್, ಅಂದರೆ ಯಾವ ಕೊಬ್ಬು, ಎಷ್ಟು ಎಂಬ ಪ್ರಶ್ನೆ. ಹೃದಯದ ಪಂಪಿಂಗ್ ಕುಗ್ಗಿದವರಿಗೆ ಕೊಬ್ಬಿಗಿಂತ ಮೊದಲು ಉಪ್ಪು. ವೈದ್ಯರು ಹೇಳಿದ್ದರೆ ಅವರಿಗೆ ನೀರಿಗೂ ಮಿತಿ ಇರುತ್ತದೆ. ಆ ಮಿತಿಯಲ್ಲಿ ಚಹಾ, ಮಜ್ಜಿಗೆ, ಸಾರು, ಅಂಬಲಿ ಎಲ್ಲವೂ ಸೇರುತ್ತವೆ. ಇದನ್ನು ಬಹಳ ಮಂದಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಇಂಥವರು ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು, ದಿನಾ ಒಂದೇ ತಕ್ಕಡಿಯಲ್ಲಿ ತೂಕ ನೋಡಿಕೊಳ್ಳಬೇಕು. ಮೂರು ದಿನದಲ್ಲಿ 2 ಕಿಲೊ ಏರಿದರೆ ಅದು ಮೈಗೆ ಹತ್ತಿದ ಊಟವಲ್ಲ, ಒಳಗೆ ನಿಂತ ನೀರು. ಅವತ್ತೇ ವೈದ್ಯರಿಗೆ ಫೋನ್ ಮಾಡಬೇಕು.

ಲೋಹದ ಕವಾಟ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ನುಂಗುವವರ ಕಥೆ ಬೇರೆ. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ‘ಕೆ’ ಈ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗೆಂದು ‘ತಪ್ಪಲಪಲ್ಯ ಮುಟ್ಟಲೇಬೇಡಿ’ ಎನ್ನುವುದು ತಪ್ಪು ಸಲಹೆ. ಮಳೆಗಾಲದಲ್ಲಿ ದಿನಾ ಪುಂಡಿಪಲ್ಯ, ಮೆಂತ್ಯ, ರಾಜಗಿರಿ, ಬ್ಯಾಸಗಿಯಲ್ಲಿ ತಿಂಗಳುಗಟ್ಟಲೆ ಸೊಪ್ಪೇ ಇಲ್ಲ ಎಂಬ ಏರಿಳಿತದಿಂದ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬ ಪರೀಕ್ಷೆಯ ಅಂಕಿ) ಹದ ತಪ್ಪುತ್ತದೆ. ವಾರಕ್ಕೆ ಇಷ್ಟು ಸಲ, ಇಷ್ಟು ಪ್ರಮಾಣ ಎಂದು ಗೊತ್ತು ಮಾಡಿಕೊಂಡು ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ ತಿನ್ನುವುದು ಸರಿಯಾದ ದಾರಿ.

ಆದ್ದರಿಂದ ಡಿಸ್ಚಾರ್ಜ್ ಕಾರ್ಡ್, ಎಕೋ ವರದಿ, ಕೊಲೆಸ್ಟ್ರಾಲ್, ಸಕ್ಕರೆ, ಕ್ರಿಯೇಟಿನಿನ್, ಪೊಟ್ಯಾಸಿಯಂ ಪರೀಕ್ಷೆಗಳ ವರದಿ ಮತ್ತು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಂದೇ ಚೀಲದಲ್ಲಿರಲಿ. ನಾಟಿ ಔಷಧ, ಕಷಾಯದ ಪುಡಿ ಇದ್ದರೆ ಅದನ್ನೂ ತೋರಿಸಿ. ಮುಚ್ಚಿಟ್ಟರೆ ತೊಂದರೆ ನಿಮಗೇ.

2. ಮೂರು ದಿನ ತಿಂದದ್ದನ್ನು ಬರೆದಿಡಿ

ಎರಡು ಮಾಮೂಲಿ ದಿನ, ಒಂದು ಸಂತೆಯ ದಿನ ಅಥವಾ ರವಿವಾರ. ಎಷ್ಟು ರೊಟ್ಟಿ, ಯಾವ ಪಲ್ಯ, ಬಸ್‌ಸ್ಟ್ಯಾಂಡಿನಲ್ಲಿ ತಿಂದದ್ದು, ಚಹಾ ಎಷ್ಟು ಸಲ, ಸಕ್ಕರೆ ಎಷ್ಟು ಚಮಚ. ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚ ಎಂದರೆ ಸಕ್ಕರೆಯೇ 40 ಗ್ರಾಂ ದಾಟುತ್ತದೆ. ಖಡಕ್ ರೊಟ್ಟಿ ತಿನ್ನುವವರು ಎಣಿಸುತ್ತಲೇ ಕೂರಬೇಕು. ಹಗುರವೆಂದು ಮುರಿದು ಮುರಿದು ತಿಂದದ್ದು ಲೆಕ್ಕಕ್ಕೇ ಸಿಗುವುದಿಲ್ಲ.

3. ಅಡುಗೆ ಮಾಡುವವರನ್ನು ಒಳಗೆ ಕರೆದುಕೊಂಡು ಹೋಗಿ

ಸಾಮಾನ್ಯವಾಗಿ ನಡೆಯುವುದು ಹೀಗೆ. ರೋಗಿ ಮತ್ತು ಮಗ ಒಳಗೆ, ಒಲೆಯ ಮುಂದೆ ನಿಲ್ಲುವ ಹೆಣ್ಣುಮಗಳು ಹೊರಗೆ ಬೆಂಚಿನ ಮೇಲೆ. ಅವರೂ ಒಳಗಿದ್ದರೆ ಮಾತಿನ ದಿಕ್ಕೇ ಬದಲಾಗುತ್ತದೆ.

“ಕಾಕಾ, ಉಪ್ಪಿನಕಾಯಿ ತಿಂತೀರೇನ್ರಿ?”

“ಇಲ್ರಿ ಮೇಡಂ, ಬಿಟ್ಟೇಬಿಟ್ಟೇನಿ.”

“ಉಪ್ಪಿನಕಾಯಿ ಬಿಟ್ಟಾರ್ರೀ ಖರೆ, ಕೆಂಪ ಹಿಂಡಿ ಡಬ್ಬಿ ವಾರಕ್ಕೊಂದು ಖಾಲಿ ಆಗ್ತೈತಿ.”

ಮೂರನೆಯ ಈ ದನಿಯಿಲ್ಲದೆ ಬರೆದ ಊಟದ ಪಟ್ಟಿ ಕಾಗದಕ್ಕಷ್ಟೇ ಸರಿ.

4. ಉಪ್ಪಿನ ಪಾಕೀಟಿನ ಮೇಲೆ ತಾರೀಖು ಬರೆಯಿರಿ

ನಮ್ಮ ಭಾಗದ ಊಟದಲ್ಲಿ ಬಹಳಷ್ಟು ಒಳ್ಳೆಯದು ಈಗಾಗಲೇ ಇದೆ. ಜೋಳದ ರೊಟ್ಟಿಯ ಹಿಟ್ಟಿಗೆ ಬಹಳ ಮನೆಗಳಲ್ಲಿ ಉಪ್ಪೇ ಹಾಕುವುದಿಲ್ಲ, ಬೇಯಿಸಲು ಎಣ್ಣೆಯೂ ಬೇಡ, ನಾರಿನಂಶ ಚೆನ್ನಾಗಿದೆ. ಅದನ್ನು ಬಿಡಿಸಿ ಉಪ್ಪು ಹಾಕಿ ಮಾಡಿದ ಬ್ರೆಡ್ ತಿನ್ನಿಸುವುದರಲ್ಲಿ ಅರ್ಥವಿಲ್ಲ. ತೊಂದರೆ ಕೂತಿರುವುದು ತಾಟಿನ ಅಂಚಿನಲ್ಲಿ: ಹಿಂಡಿ (ಕೆಂಪು ಮೆಣಸಿನಕಾಯಿಯ ಚಟ್ನಿ), ಉಪ್ಪಿನಕಾಯಿ, ಶೇಂಗಾ ಚಟ್ನಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಅದರ ಮೇಲೆ ಚಿಟಿಕೆ ಹಸಿ ಉಪ್ಪು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅಂದರೆ ಮಟ್ಟಸವಾದ ಒಂದು ಚಹಾ ಚಮಚ, ಎಲ್ಲ ಅಡುಗೆಯೂ ಸೇರಿ. ಮನೆಯಲ್ಲಿ ಅಳೆಯುವುದು ಸುಲಭ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ, ಒಂದು ಕಿಲೊ ಪಾಕೀಟು 50 ದಿನ ಬರಬೇಕು. ಒಡೆದ ದಿನ ಪಾಕೀಟಿನ ಮೇಲೆ ತಾರೀಖು ಬರೆಯಿರಿ. ಮೂರು ವಾರಕ್ಕೇ ತಳ ಕಂಡರೆ ಎಲ್ಲಿ ಹೋಯಿತೆಂದು ಹುಡುಕಿ. ಹೊರಗಿನ ಚುರಮುರಿ, ಶೇವು, ಬಿಸ್ಕೀಟು, ಅಂಗಡಿಯ ಉಪ್ಪಿನಕಾಯಿ ಈ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಕಡಿಮೆ ಮಾಡುವುದು ಹೇಗೆ? ಒಮ್ಮೆಗೇ ಸಪ್ಪೆ ಊಟ ಬಡಿಸಿದರೆ ತಾಟು ಹಾಗೇ ತಿರುಗಿ ಬರುತ್ತದೆ. ಪಲ್ಯಕ್ಕೆ ಹಾಕುವ ಉಪ್ಪನ್ನು ವಾರವಾರ ಸ್ವಲ್ಪ ಸ್ವಲ್ಪ ಇಳಿಸಿ. ಕೆಲವು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಬಳ್ಳೊಳ್ಳಿ, ಹುರಿದ ಜೀರಿಗೆ, ಹುಣಸೆ, ನಿಂಬೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಸಪ್ಪೆತನ ಮರೆಸುತ್ತವೆ. ಹಿಂಡಿ ಕೆಡದಿರಲು ಉಪ್ಪು ಬೇಕೇ ಬೇಕು, ಹಾಗಾಗಿ ಅದನ್ನು ತಿದ್ದಲಾಗದು, ದೂರ ಇಡುವುದೊಂದೇ ದಾರಿ. ಚಟ್ನಿಪುಡಿಯನ್ನು ತಿದ್ದಬಹುದು: ಅಗಸಿ, ಗುರೆಳ್ಳು ಚಟ್ನಿಯನ್ನು ರೋಗಿಗೆಂದು ಬೇರೆಯಾಗಿ, ಕಡಿಮೆ ಉಪ್ಪಿನಲ್ಲಿ ಕುಟ್ಟಿಡಿ. ಅಗಸಿಯಲ್ಲಿ ಒಮೆಗಾ-3 ಜಾತಿಯ ಕೊಬ್ಬಿದೆ; ಕುಟ್ಟಿದ್ದರೆ ಮೈಗೆ ಹತ್ತುತ್ತದೆ, ಇಡಿಯಾಗಿ ನುಂಗಿದರೆ ಬಹುಪಾಲು ಹಾಗೇ ಹೊರಬೀಳುತ್ತದೆ.

ಸೈಂಧವ ಉಪ್ಪು ಹೃದಯಕ್ಕೆ ಒಳ್ಳೆಯದೆಂಬ ವಾಟ್ಸಾಪ್ ಮಾತು ನಂಬಬೇಡಿ. ಅದರಲ್ಲೂ ಇರುವುದು ಸೋಡಿಯಂ ಕ್ಲೋರೈಡೇ. ‘ಲೋ ಸೋಡಿಯಂ’ ಉಪ್ಪಿನ ಅಪಾಯ ಬೇರೆ ತರಹದ್ದು. ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಬಂದಿರುತ್ತದೆ. ಮೂತ್ರಪಿಂಡ ಸೋತವರು, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ತರಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರಿನಲ್ಲೂ ಪೊಟ್ಯಾಸಿಯಂ ಇದೆ, ಅದನ್ನು ದಿನಾ ಕುಡಿಯುವ ರೂಢಿಯಿದ್ದವರೂ ಇದನ್ನು ಕೇಳಿ ತಿಳಿದುಕೊಳ್ಳಲಿ.

5. ಎಣ್ಣೆಯನ್ನು ತಿಂಗಳ ಲೆಕ್ಕದಲ್ಲಿ ತನ್ನಿ

ತಲೆಗೆ ತಿಂಗಳಿಗೆ ಅರ್ಧ ಲೀಟರ್. ನಾಲ್ವರ ಮನೆಗೆ 2 ಲೀಟರ್. ಅದು ಮುಗಿದರೆ ಆ ತಿಂಗಳಿಗೆ ಎಣ್ಣೆ ಮುಗಿಯಿತು. ಶೇಂಗಾ, ಕುಸುಬಿ, ಸೂರ್ಯಕಾಂತಿ, ಯಾವುದಾದರೂ ಸರಿ, ಬದಲಿಸಿ ಬದಲಿಸಿ ಬಳಸಿ. ಆಲಿವ್ ಎಣ್ಣೆಗೆಂದು ಸಾಲ ಮಾಡಬೇಕಿಲ್ಲ. ವನಸ್ಪತಿ ಬೇಡ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಎಣ್ಣೆಗಾಯಿ ಪಲ್ಯದಲ್ಲಿ ಎಣ್ಣೆ ತೇಲಲೇಬೇಕೆಂದು ಹಟ ಹಿಡಿಯುವವರಿದ್ದಾರೆ. ಬದನೆಕಾಯಿಗೆ ಮಸಾಲೆ ತುಂಬಿ, ಎರಡು ಚಮಚ ಎಣ್ಣೆಯಲ್ಲಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ ನೋಡಿ. ಶೇಂಗಾ, ಎಳ್ಳು ತಾವೇ ಎಣ್ಣೆ ಬಿಡುತ್ತವೆ.

ಕೆನೆ, ಬೆಣ್ಣೆ, ತುಪ್ಪ ಬ್ಲಾಕ್ ಇದ್ದವರಿಗೆ ನಿಜವಾದ ತೊಡಕು. ಎಮ್ಮೆ ಹಾಲಿನಲ್ಲಿ ಶೇ 6ಕ್ಕೂ ಹೆಚ್ಚು ಕೊಬ್ಬಿರುತ್ತದೆ, ಟೋನ್ಡ್ ಹಾಲಿನಲ್ಲಿ ಶೇ 3. ಮನೆಯ ಎಮ್ಮೆ ಇರುವಾಗ ಪಾಕೀಟು ಹಾಲು ತನ್ನಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹಾಲು ಕಾಯಿಸಿ, ಆರಿಸಿ, ಕೆನೆ ತೆಗೆದು, ಮತ್ತೊಮ್ಮೆ ಕಾಯಿಸಿ ಕೆನೆ ತೆಗೆದರೆ ಸಾಕಷ್ಟು ಕೊಬ್ಬು ಹೋಗುತ್ತದೆ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯೂ ಒಳ್ಳೆಯದು, ಉಪ್ಪು ಹಾಕದಿದ್ದರೆ.

6. ಒಂದು ಸಲಕ್ಕೆ ಎರಡೇ ಬದಲಾವಣೆ ಕೇಳಿ

ಹತ್ತು ಸೂಚನೆ ಹೇಳಿಸಿಕೊಂಡು ಬಂದರೆ ಒಂದೂ ನಡೆಯುವುದಿಲ್ಲ. ‘ಈ ತಿಂಗಳು ನನಗೆ ಮುಖ್ಯವಾದ ಎರಡು ಯಾವುವ್ರಿ?’ ಎಂದು ಕೇಳಿ ಬರೆಸಿಕೊಳ್ಳಿ.

ಹೀಗೊಬ್ಬರು ಇದ್ದಾರೆಂದು ಇಟ್ಟುಕೊಳ್ಳಿ: ಅಣ್ಣಿಗೇರಿ ಕಡೆಯ 58 ವರ್ಷದ ರೈತ, ಒಂದು ಸ್ಟೆಂಟ್, ಸಕ್ಕರೆ ಕಾಯಿಲೆಯೂ ಇದೆ. ಮಧ್ಯಾಹ್ನ ನಾಲ್ಕು ರೊಟ್ಟಿ, ಪಲ್ಯ ಎರಡು ಚಮಚ, ಹಿಂಡಿ, ಮೇಲೆ ಅನ್ನ. ಅವರಿಗೆ ರೊಟ್ಟಿ ಎರಡಕ್ಕೆ ಇಳಿದು, ಉಳಿದ ಜಾಗಕ್ಕೆ ಮಡಕಿ ಅಥವಾ ಹೆಸರುಕಾಳಿನ ಪಲ್ಯ ಒಂದು ಬಟ್ಟಲು, ತಪ್ಪಲಪಲ್ಯ ಒಂದು ಬಟ್ಟಲು ಬರಬೇಕು. ಇದು ಮೊದಲನೆಯದು. ಹಿಂಡಿಯ ಜಾಗಕ್ಕೆ ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಮೂಲಂಗಿ, ಹಸಿ ಮೆಂತ್ಯ. ಇದು ಎರಡನೆಯದು. ಸಲಾಡ್ ಎಂದು ಹೆದರಿಸುವುದು ಇದನ್ನೇ, ನಮ್ಮವರು ಹೊಲದ ಬದುವಿನಲ್ಲಿ ಕೂತು ಮೊದಲಿನಿಂದಲೂ ತಿಂದದ್ದು. ಅನ್ನದ ಮಾತು ಮುಂದಿನ ತಿಂಗಳು. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ರೊಟ್ಟಿ ಇಳಿಸುವ ಮೊದಲು ವೈದ್ಯರಿಗೆ ತಿಳಿಸಬೇಕು, ಇಲ್ಲದಿದ್ದರೆ ಸಕ್ಕರೆ ತೀರಾ ಇಳಿಯಬಹುದು. ಸೋಮವಾರ, ಏಕಾದಶಿ, ರಂಜಾನ್ ಉಪವಾಸಕ್ಕೂ ಇದೇ ಮಾತು.

7. ಹಬ್ಬ ಮತ್ತು ಖಾನಾವಳಿಗೆ ಮೊದಲೇ ಮಾತಾಗಲಿ

ನಾಗರ ಪಂಚಮಿಗೆ ಉಂಡಿ ತಿನ್ನಬೇಡಿ ಎನ್ನುವ ಡಯಟಿಶಿಯನ್ ಈ ಕಡೆಯವರಲ್ಲ! ಹಬ್ಬದ ದಿನ ಎಷ್ಟು ಎಂದು ಮೊದಲೇ ಗೊತ್ತಾಗಲಿ. ನಿಜವಾದ ಕಷ್ಟ ಹಬ್ಬದ ದಿನದ್ದಲ್ಲ, ಡಬ್ಬಿ ಖಾಲಿಯಾಗುವವರೆಗಿನ ಮುಂದಿನ ಎರಡು ವಾರದ್ದು. ಪೇಡಾ ಒಂದು ತಿಂದು ಪೊಟ್ಟಣ ನೆರೆಮನೆಗೆ ಕೊಡಿ. ಸಾವಜಿ ಖಾನಾವಳಿಗೆ ಹೋಗಲೇಬೇಕಾದರೆ ಮೇಲೆ ತೇಲುವ ಎಣ್ಣೆ ಬಿಟ್ಟು, ಮಟನ್ ಬದಲು ಕೋಳಿ ಅಥವಾ ಮೀನು ಕೇಳಿ. ಗಿರ್ಮಿಟ್ ಜೊತೆ ಮಿರ್ಚಿ ಬರುತ್ತದಲ್ಲ, ಅದನ್ನು ಅಪರೂಪಕ್ಕೆ, ಒಂದಕ್ಕೆ ನಿಲ್ಲಿಸಿ.

8. ಮತ್ತೆ ಹೋಗಿ, ಅಂಕಿ ತೋರಿಸಿ

ಮೊದಲ ಭೇಟಿಗಿಂತ ಎರಡನೆಯದೇ ಮುಖ್ಯ ಎಂದು ನನ್ನ ಅನಿಸಿಕೆ. ಏನು ನಡೆಯಲಿಲ್ಲ ಎಂದು ಗೊತ್ತಾಗುವುದು ಆಗಲೇ. ಮನೆಯಲ್ಲಿ ಬರೆದಿಟ್ಟ ತೂಕ, ಬಿಪಿ, ಉಪ್ಪು-ಎಣ್ಣೆಯ ತಾರೀಖು ಒಯ್ಯಿರಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾದ 4ರಿಂದ 12 ವಾರದಲ್ಲಿ ಕೊಲೆಸ್ಟ್ರಾಲ್ ಮರುಪರೀಕ್ಷೆ ಮಾಡಿಸುತ್ತಾರೆ. ಬ್ಲಾಕ್ ಇದ್ದವರ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಹಲವರಲ್ಲಿ 55ಕ್ಕಿಂತ ಕೆಳಗೆ ಇರಬೇಕೆಂದು ವೈದ್ಯರು ನೋಡುತ್ತಾರೆ. ಊಟ ಸುಧಾರಿಸಿತು, ಅಂಕಿ ಇಳಿಯಿತು ಎಂದು ಮಾತ್ರೆ ಬಿಡಬೇಡಿ. ಅಂಕಿ ಇಳಿದದ್ದರಲ್ಲಿ ಮಾತ್ರೆಯ ಪಾಲು ದೊಡ್ಡದು.

ಸಲಹೆ ಕೊಡುವವರ ಓದು ಏನೆಂದು ಕೇಳಲು ಸಂಕೋಚ ಬೇಡ. ಪುಡಿ ಡಬ್ಬಿ, ಶೇಕ್ ಮಾರುವವರು ಡಯಟಿಶಿಯನ್ ಅಲ್ಲ. ಖರ್ಚು ಭಾರವೆನಿಸಿದರೆ ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಸಕ್ಕರೆ, ಹೃದ್ರೋಗದಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ವಿಚಾರಿಸಿ.

ಊಟವಾದ ಮೇಲೆ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ನೋವು, ತಣ್ಣನೆಯ ಬೆವರು, ಉಸಿರುಗಟ್ಟಿದಂತಾಗುವುದು ಕಂಡರೆ ‘ಗ್ಯಾಸ್ ಆಗೇತಿ’ ಎಂದು ಸೋಡಾ ಕುಡಿದು ಕೂರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ಮಾತ್ರೆಗಳ ಚೀಲ ಜೊತೆಗಿರಲಿ.