ಉಳಿದ ಉಂಡೆಯಲ್ಲಿ ಎಷ್ಟು ಮೀಟರ್ ಉಣ್ಣೆ?

ಕುಲಾವಿ ಮುಗಿಯಲು ನಾಲ್ಕು ಸಾಲು ಇರುವಾಗ ಉಣ್ಣೆ ಖಾಲಿಯಾದರೆ ಬೆಳಗಾವಿಯ ಅಂಗಡಿಗಳನ್ನೆಲ್ಲ ಸುತ್ತಿದರೂ ಅದೇ ಬಣ್ಣ ಸಿಗುವುದು ಕಷ್ಟ. ಬಣ್ಣದ ನಂಬರ್ ಒಂದೇ ಇದ್ದರೂ ಬೇರೆ ಸಲ ಬಣ್ಣಕ್ಕೆ ಅದ್ದಿದ ಮಾಲು ಒಂದಿಷ್ಟು ಬೇರೆ ಕಾಣುತ್ತದೆ. ಅದಕ್ಕೇ ಕಡ್ಡಿ ಹಿಡಿಯುವ ಮೊದಲು ಉದ್ದ ಅಳೆದುಕೊಳ್ಳಿರಿ. ಲೇಬಲ್ ಇರುವ ಉಂಡೆಗೆ ಚಿಂತೆಯಿಲ್ಲ, ಗ್ರಾಂ ಮತ್ತು ಮೀಟರ್ ಎರಡೂ ಅದರ ಮೇಲೇ ಇರುತ್ತವೆ. ತೊಂದರೆ ಇರುವುದು ಲೇಬಲ್ ಕಳೆದುಹೋದ ಉಂಡೆಗೆ ಮತ್ತು ಹಳೆಯ ಸ್ವೆಟರ್ ಬಿಚ್ಚಿ ಸುತ್ತಿದ ಉಣ್ಣೆಗೆ.

ಎಲ್ಲಕ್ಕಿಂತ ಸಲೀಸಾದ ಸಾಧನ ತಕ್ಕಡಿ. ಉಂಡೆಯಿಂದ ಸರಿಯಾಗಿ 10 ಮೀಟರ್ ಕತ್ತರಿಸಿ ತೂಗಿರಿ. ಅದು 4.5 ಗ್ರಾಂ ಬಂತು, ಉಳಿದ ಉಂಡೆ 63 ಗ್ರಾಂ ಇದೆ ಅನ್ನಿ. 63ನ್ನು 4.5ರಿಂದ ಭಾಗಿಸಿದರೆ 14, ಅಂದರೆ ಉಂಡೆಯಲ್ಲಿ 140 ಮೀಟರ್ ಇದೆ. ಅಡುಗೆಮನೆಯ ತಕ್ಕಡಿ ಈ ಕೆಲಸಕ್ಕೆ ಬಾರದು. ಅದು ಒಂದು ಗ್ರಾಮಿಗಿಂತ ಕಡಿಮೆ ತೋರಿಸುವುದಿಲ್ಲ, 4.5 ಗ್ರಾಮನ್ನು 4 ಎಂದು ತೋರಿಸಿದರೆ ನಿಮ್ಮ 140 ಮೀಟರ್ 157 ಆಗಿ ಕೂತಿರುತ್ತದೆ. ಪರಿಚಯದ ಸರಾಫರ ಅಂಗಡಿಯಲ್ಲಿ ತೂಗಿಸಿರಿ, ಇಲ್ಲವೇ 0.01 ಗ್ರಾಂವರೆಗೆ ತೋರಿಸುವ ಕಿಸೆ ತಕ್ಕಡಿ ಕೊಳ್ಳಿರಿ. ಎರಡೂ ಆಗದಿದ್ದರೆ 10ರ ಬದಲು 50 ಮೀಟರ್ ತೂಗಿರಿ, ತಪ್ಪು ಬಹಳಷ್ಟು ಕಡಿಮೆಯಾಗುತ್ತದೆ.

ಉಣ್ಣೆ ಗಾಳಿಯ ತೇವ ಹೀರುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ತೂಗಿದ ಉಂಡೆ ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಹಗುರಾಗುತ್ತದೆ, ಉದ್ದ ಮಾತ್ರ ಅಷ್ಟೇ ಇರುತ್ತದೆ. ಕತ್ತರಿಸಿದ ತುಂಡು, ಉಂಡೆ ಎರಡನ್ನೂ ಒಂದು ರಾತ್ರಿ ಒಂದೇ ಕೋಣೆಯಲ್ಲಿಟ್ಟು, ಒಂದರ ಹಿಂದೆ ಒಂದನ್ನು ತೂಗಿರಿ. ಹೋದ ತಿಂಗಳ ತೂಕವನ್ನು ಇಂದಿನ ಲೆಕ್ಕಕ್ಕೆ ಸೇರಿಸಬೇಡಿರಿ.

ಎಳೆಯನ್ನು ಒಂದೇ ಅಳತೆಯ ಸುತ್ತುಗಳ ಕಟ್ಟಾಗಿ, ಅಂದರೆ ಲಡಿ ಮಾಡಿ ಎಣಿಸುವುದಾದರೆ ಒಂದು ಹಲಗೆ, ಎರಡು ಗೂಟ ಸಾಕು. ಒಂದು ಸುತ್ತು ಒಂದು ಮೀಟರ್ ಆಗಬೇಕೆಂದು ಎಲ್ಲರೂ ಗೂಟಗಳನ್ನು 50 ಸೆಂ.ಮೀ. ದೂರ ಬಡಿಯುತ್ತಾರೆ, ಆದರೆ ಎಳೆ ಗೂಟವನ್ನೂ ಬಳಸಿ ಬರುತ್ತದಲ್ಲ! ಗೂಟ ಒಂದು ಸೆಂ.ಮೀ. ದಪ್ಪವಿದ್ದರೆ ಸುತ್ತು 103 ಸೆಂ.ಮೀ. ಆಗುತ್ತದೆ. ನಡುವಿನಿಂದ ನಡುವಿಗೆ 48.4 ಸೆಂ.ಮೀ. ಇಟ್ಟರೆ ಲೆಕ್ಕ ಕೂಡುತ್ತದೆ. ಗೂಟ ಗಟ್ಟಿ ನಿಂತಿರಬೇಕು. ಇಲ್ಲದಿದ್ದರೆ ಸುತ್ತಿದಷ್ಟೂ ಅದು ಒಳಕ್ಕೆ ವಾಲಿ, ಕೊನೆಯ ಸುತ್ತುಗಳು ಮೊದಲಿನವಕ್ಕಿಂತ ಗಿಡ್ಡವಾಗುತ್ತವೆ. ಎಳೆಯ ಮೇಲೆ ಎಳೆ ಏರಿದರೆ ಇದರ ಉಲ್ಟಾ, ಸುತ್ತು ದೊಡ್ಡದಾಗುತ್ತದೆ. ಮಗ್ಗುಲಿಗೆ ಮಗ್ಗುಲು ಕೂಡಿಸುತ್ತ ಹೋಗಿರಿ. ಹತ್ತು ಸುತ್ತಿಗೊಂದು ಹುಣಸೆ ಬೀಜ ಬಟ್ಟಲಿಗೆ ಹಾಕಿದರೆ ನಡುವೆ ಯಾರು ಮಾತಾಡಿಸಿದರೂ ಎಣಿಕೆ ತಪ್ಪುವುದಿಲ್ಲ.

ಹೆಚ್ಚು ಲಡಿ ಮಾಡುವವರು ಕೈಯಲ್ಲಿ ಹಿಡಿದು ಸುತ್ತುವ ಕೋಲು ಮಾಡಿಸಿಕೊಳ್ಳಬಹುದು. ನಡುಕೋಲು 45 ಸೆಂ.ಮೀ., ಎರಡು ತುದಿಗೂ 30 ಸೆಂ.ಮೀ. ಅಡ್ಡಕೋಲು. ಮೇಲಿನದು ಪೂರ್ವ-ಪಶ್ಚಿಮ ಇದ್ದರೆ ಕೆಳಗಿನದು ಉತ್ತರ-ದಕ್ಷಿಣ ಇರಬೇಕು. ಎಳೆ ಮೇಲೆ, ಕೆಳಗೆ, ಮತ್ತೆ ಮೇಲೆ, ಕೆಳಗೆ ನಾಲ್ಕು ತುದಿ ಹಾದು ಬಂದರೆ ಹೆಚ್ಚೂಕಡಿಮೆ 2 ಮೀಟರ್. ಬಡಿಗೇರರು ಸಿಗದಿದ್ದರೆ ಅರ್ಧ ಇಂಚಿನ ಪಿವಿಸಿ ಪೈಪು, ಮೂರು ಬಾಯಿಯ ಎರಡು 'ಟೀ' ಜೋಡಣೆ ತಂದು ಮನೆಯಲ್ಲೇ ಜೋಡಿಸಿರಿ. ಒಂದು ತೋಳಿಗೆ ಮಾತ್ರ ಅಂಟು ಹಾಕಬೇಡಿರಿ, ಅದನ್ನು ಕಳಚಿದರೇ ಬಿಗಿದ ಲಡಿ ಹೊರಬರುವುದು. ಪೈಪಿನ ದಪ್ಪ ಸೇರಿ ಸುತ್ತು ತುಸು ದೊಡ್ಡದಾಗುತ್ತದೆ. ಹಿಗ್ಗದ ಹೊಲಿಗೆ ದಾರ ಒಂದು ಸುತ್ತು ಹಾಕಿ, ಬಿಚ್ಚಿ, ಸ್ಟೀಲ್ ಟೇಪಿನಿಂದ ಅಳೆದು ಆ ಅಂಕಿಯನ್ನು ಪೈಪಿನ ಮೇಲೆ ಬರೆದಿಡಿರಿ. ದರ್ಜಿಯ ಬಟ್ಟೆ ಟೇಪು ಹಳತಾದಂತೆ ಹಿಗ್ಗಿರುತ್ತದೆ, ಅದನ್ನು ನಂಬಬೇಡಿರಿ. ತೆಗೆಯುವ ಮೊದಲು ಲಡಿಯನ್ನು ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲಾಗಿ ಕಟ್ಟಿರಿ.

ಕೈಯ ಬಿಗಿಯಂತೂ ಎಲ್ಲರ ಲೆಕ್ಕ ಕೆಡಿಸುತ್ತದೆ. ಎಳೆದು ಸುತ್ತಿದ ಉಣ್ಣೆ ತೊಳೆದು ಒಣಗಿದ ಮೇಲೆ ತನ್ನ ಉದ್ದಕ್ಕೆ ಮರಳುತ್ತದೆ. ಒಣಗಿದ ಲಡಿಯನ್ನು ಚಾಪೆಯ ಮೇಲೆ ಎಳೆಯದೆ ಹಾಸಿ, ತುದಿಯಿಂದ ತುದಿಗೆ ಅಳೆದು ಎರಡರಿಂದ ಗುಣಿಸಿರಿ. 2 ಮೀಟರ್ ಸುತ್ತು ಈಗ 1.86 ಇದ್ದರೆ 60 ಸುತ್ತಿಗೆ 120 ಅಲ್ಲ, 111.6 ಮೀಟರ್. ಈ ಅಂಕಿಯೇ ಖರೆ. ಎಳೆ ಹಾದಂತೆ ಗಾಲಿ ತಿರುಗಿ ಉದ್ದ ತೋರಿಸುವ, ಮೇಜಿಗೆ ಬಿಗಿಯುವ ಗಾಲಿ ಮೀಟರಿಗೂ ಇದೇ ರೋಗ, ಬಿಗಿ ಎಳೆದರೆ ಹೆಚ್ಚು ತೋರಿಸುತ್ತದೆ. ನುಣುಪಾದ ರೇಷ್ಮೆ ಎಳೆ ಗಾಲಿಯ ಮೇಲೆ ಜಾರಿದರೆ ಕಡಿಮೆ ತೋರಿಸುತ್ತದೆ. ಮೊದಲು ಅಳೆದ 10 ಮೀಟರ್ ಹಾಯಿಸಿ ಪರೀಕ್ಷೆ ಮಾಡಿರಿ.

ಗುಳೇದಗುಡ್ಡ, ಇಳಕಲ್, ರಬಕವಿ-ಬನಹಟ್ಟಿ ಕಡೆಯ ಹತ್ತಿ ನೂಲಿಗೆ ಅಳೆಯುವ ಕೆಲಸವೇ ಕಡಿಮೆ, ನಂಬರೇ ಉದ್ದ ಹೇಳುತ್ತದೆ. 40 ನಂಬರ್ ಎಂದರೆ ಒಂದು ಪೌಂಡಿಗೆ 840 ಗಜದ 40 ಲಡಿ. ನಂಬರನ್ನು 1.69ರಿಂದ ಗುಣಿಸಿದರೆ ಒಂದು ಗ್ರಾಮಿಗೆ ಎಷ್ಟು ಮೀಟರ್ ಎಂದು ಸಿಗುತ್ತದೆ. 2/40 ಎಂದಿದ್ದರೆ ಎರಡೆಳೆ ಸೇರಿಸಿ ಹುರಿ ಮಾಡಿದ್ದು, 20 ಎಂದೇ ಹಿಡಿಯಿರಿ, ಗ್ರಾಮಿಗೆ ಸುಮಾರು 34 ಮೀಟರ್. ಗಂಜಿ ಹಾಕಿದ ನೂಲಾದರೆ ತೂಕದಲ್ಲಿ ಗಂಜಿಯೂ ಸೇರಿರುತ್ತದೆ, ಉದ್ದ ಅಷ್ಟು ಬರುವುದಿಲ್ಲ. ರೇಷ್ಮೆ ಮತ್ತು ಕೃತಕ ರೇಷ್ಮೆಗೆ ಡೆನಿಯರ್ ಲೆಕ್ಕ, 9000 ಮೀಟರಿನ ತೂಕ ಎಷ್ಟು ಗ್ರಾಮೋ ಅದೇ ನಂಬರ್. ಇಲ್ಲಿ ನಂಬರ್ ಏರಿದಷ್ಟೂ ಎಳೆ ದಪ್ಪ. 120 ಡೆನಿಯರಿನಲ್ಲಿ ಗ್ರಾಮಿಗೆ 75 ಮೀಟರ್.

ಹೆಣಿಗೆಯ ನಡುವೆಯೇ ಸಂಶಯ ಬಂದರೆ ಉಳಿದ ಎಳೆಯನ್ನು ಎರಡು ಮಡಿಸಿ, ನಡುವೆ ಜಾರುಗಂಟು ಹಾಕಿ ಒಂದು ಸಾಲು ಹೆಣೆಯಿರಿ. ಗಂಟು ಬರುವ ಮೊದಲೇ ಸಾಲು ಮುಗಿದರೆ ಇನ್ನೊಂದು ಸಾಲಿಗೆ ಸಾಕಾಗುತ್ತದೆ. ನಡುವೆಯೇ ಗಂಟು ಬಂದರೆ ಆ ಸಾಲನ್ನು ಬಿಚ್ಚಿ, ಅದೇ ಎಳೆಯಲ್ಲಿ ಹೆಣಿಗೆ ಬಿಚ್ಚದಂತೆ ಮುಚ್ಚುವ ಕೊನೆಯ ಸಾಲು ಹಾಕಿಬಿಡಿರಿ. ಹೊಲಿಯಲು ಒಂದು ಮೊಳ ಉಳಿಸಿಕೊಳ್ಳಿರಿ.