ಹಿಡಿಕೆ ಯಾವ ಕಡೆ ಇದೆ?

ವೀಲ್‌ಚೇರ್ ಬಳಸುವ ಅಕ್ಕನನ್ನು ಹಡಗು ಪ್ರವಾಸಕ್ಕೆ ಕರೆದುಕೊಂಡು ಹೋದ ಮೊದಲ ಸಲ ನಾನು ಮಾಡಿದ್ದು ಇಷ್ಟೇ. ಕ್ರೂಸ್ ಹಡಗಿನ ಕ್ಯಾಬಿನ್ ಆನ್‌ಲೈನ್‌ನಲ್ಲಿ ಬುಕ್ ಮಾಡಿ, 'ವಿಶೇಷ ಅಗತ್ಯ' ಅನ್ನೋ ಜಾಗದಲ್ಲಿ 'ವೀಲ್‌ಚೇರ್' ಎಂದು ಟೈಪ್ ಮಾಡಿದೆ. ಓದಿಕೊಂಡು ಸರಿಯಾದ ಕ್ಯಾಬಿನ್ ಕೊಡುತ್ತಾರೆ ಎಂದು ನಂಬಿದ್ದೆ. ಹಡಗು ಹತ್ತುವಾಗ ಸಿಬ್ಬಂದಿ ಬಂದು ಅಕ್ಕನ ಕುರ್ಚಿ ತಳ್ಳಿಕೊಂಡು ಹೋದರು. ಆ ಒಂದು ಪದಕ್ಕೆ ಸಿಕ್ಕಿದ್ದು ಅಷ್ಟೇ.

ಕ್ಯಾಬಿನ್ ಬಾಗಿಲಲ್ಲೇ ಕುರ್ಚಿ ಸಿಕ್ಕಿಕೊಂಡಿತು. ಬಾಗಿಲು 22 ಇಂಚು, ಕುರ್ಚಿ 26. ಬಾತ್‌ರೂಮಿಗೆ ಮೊಣಕಾಲ ಕೆಳಗೆ ತಾಗುವಷ್ಟು ಎತ್ತರದ ಹೊಸ್ತಿಲು ಬೇರೆ. ಏಳು ರಾತ್ರಿಯೂ ಕುರ್ಚಿ ಹೊರಗೆ ಮಡಿಸಿಟ್ಟು, ಅಕ್ಕನನ್ನು ಎತ್ತಿಕೊಂಡೇ ಒಳಗೆ ಹೋಗಬೇಕಾಯಿತು. "ಲಗೇಜ್ ಥರ ಎತ್ತಿಡ್ತಿದೀಯಲ್ಲೇ ನನ್ನ" ಎಂದಳು. ನಗುತ್ತಲೇ ಹೇಳಿದಳು, ಆದರೂ ಚುಚ್ಚಿತು.

ಎರಡನೇ ಸಲಕ್ಕೆ ಮೊದಲು ಟೇಪ್ ಹಿಡಿದು ಕೂತೆ. ಸೀಟಿನ ಅಗಲ ಲೆಕ್ಕಕ್ಕಿಲ್ಲ. ಅಕ್ಕನ ಸೀಟು 18 ಇಂಚು, ಆದರೆ ಕೈಯಿಂದ ತಿರುಗಿಸುವ ರಿಂಗ್‌ಗಳ ಹೊರ ಅಂಚಿಂದ ಅಂಚಿಗೆ 26. ಅದರ ಮೇಲೆ ಬೆರಳ ಗೆಣ್ಣುಗಳಿಗೆ ಎರಡೂ ಕಡೆ ಒಂದೊಂದು ಇಂಚು ಬೇಡವಾ? ಪಾದ ಇಡುವ ಪಟ್ಟಿ ಸೇರಿಸಿ ಉದ್ದ ಎಷ್ಟು, ಕುರ್ಚಿಯ ತೂಕ ಎಷ್ಟು, ಎಲ್ಲ ಬರೆದುಕೊಂಡೆ.

ಆಮೇಲೆ ಫೋನ್. ವೆಬ್‌ಸೈಟ್ ಬಿಟ್ಟು ಅಂಗವಿಕಲ ಪ್ರಯಾಣಿಕರ ಅಗತ್ಯ ನೋಡಿಕೊಳ್ಳುವ, ಕಂಪನಿಯ ಅಕ್ಸೆಸಿಬಿಲಿಟಿ ವಿಭಾಗದ ಜೊತೆಗೇ ಮಾತಾಡಿದೆ. ದೊಡ್ಡ ಕಂಪನಿಗಳಲ್ಲಿ ಅದಕ್ಕೆ ಬೇರೆ ಡೆಸ್ಕ್ ಇರುತ್ತದೆ. "ಅಕ್ಸೆಸಿಬಲ್ ಕ್ಯಾಬಿನ್ ಇದೆ ಮೇಡಂ" ಅನ್ನೋ ಉತ್ತರ ಸಾಲದು. ಸ್ವಲ್ಪ ನಡೆಯಬಲ್ಲವರಿಗೆ ಹಿಡಿದುಕೊಳ್ಳಲು ಗೋಡೆಗೆ ಹಿಡಿಕೆ ಮಾತ್ರ ಹಾಕಿದ ಕ್ಯಾಬಿನ್‌ಗೂ ಇದೇ ಹೆಸರು ಇರಬಹುದು. ಪೂರ್ತಿ ವೀಲ್‌ಚೇರ್‌ಗೆ ಮಾಡಿದ್ದರಲ್ಲಿ ಬಾಗಿಲು ಸುಮಾರು 32 ಇಂಚು, ಕುರ್ಚಿ ತಿರುಗಲು 5 ಅಡಿ ಜಾಗ, ಹೊಸ್ತಿಲಿಲ್ಲದ ಶವರ್, ಅದರೊಳಗೆ ಮಡಿಸುವ ಸೀಟು ಇರುತ್ತವೆ. ಕೆಲವದರಲ್ಲಿ ಹಾಸಿಗೆಯ ಒಂದೇ ಬದಿಗೆ ಕುರ್ಚಿ ಹೋಗುತ್ತದೆ. ಅದನ್ನೂ ಕೇಳಲೇಬೇಕು.

ನನಗೆ ಮುಖ್ಯವಾಗಿದ್ದು ಕಮೋಡ್ ಪಕ್ಕದ ಹಿಡಿಕೆ. ಅಕ್ಕನ ಬಲಗೈಗೆ ಬಲ ಜಾಸ್ತಿ. ಹಿಡಿಕೆ ಬಲಗಡೆ ಇದ್ದರೆ ತಾನೇ ಎದ್ದು ಕುರ್ಚಿಗೆ ಬರುತ್ತಾಳೆ. ಎಡಗಡೆ ಇದ್ದರೆ ನಾನು ಬೇಕು. ಹಡಗಿನ ಎರಡು ಬದಿಯ ಕ್ಯಾಬಿನ್‌ಗಳು ಎಷ್ಟೋ ಸಲ ಒಂದಕ್ಕೊಂದು ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿರುತ್ತವೆ. ಹಾಗಾಗಿ "ಈ ನಂಬರಿನ ಕ್ಯಾಬಿನ್‌ನಲ್ಲಿ ಹಿಡಿಕೆ ಯಾವ ಕಡೆ?" ಎಂದೇ ಕೇಳಿದೆ. ಆ ಕಡೆಯಾಕೆಗೆ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು ನಕ್ಷೆ ಕಳಿಸಿದರು. ಮೊದಲು ಹೇಳಿದ ನಂಬರ್ ತಪ್ಪು ಬದಿಯದು. ಎದುರು ಬದಿಯದು ಸಿಕ್ಕಿತು, ಅದನ್ನು ಇಮೇಲ್‌ನಲ್ಲಿ ಬರೆಸಿಕೊಂಡೆ.

ಇಂಥ ಕ್ಯಾಬಿನ್‌ಗಳು ಹಡಗಿಗೆ ಬೆರಳೆಣಿಕೆಯಷ್ಟು. ಬೇಗ ಬುಕ್ ಮಾಡುವುದೇ ದಾರಿ. ವಿದೇಶಿ ಬಾವುಟದ, ಅಂದರೆ ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗಾದರೂ ಅಮೆರಿಕದ ನೀರಿನಲ್ಲಿದ್ದರೆ ಅಲ್ಲಿನ ಅಂಗವಿಕಲರ ಕಾಯ್ದೆ ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. 2010ರಲ್ಲಿ ಅಲ್ಲಿ ಬಂದ ನಿಯಮದ ಪ್ರಕಾರ, ಅದೇ ದರ್ಜೆಯ ಉಳಿದೆಲ್ಲ ಕ್ಯಾಬಿನ್ ಮುಗಿಯೋವರೆಗೂ ಇವನ್ನು ಅಗತ್ಯ ಇರುವವರಿಗೇ ಇಟ್ಟಿರಬೇಕು. ಮುಗಿದ ಮೇಲೆ ಯಾರಿಗಾದರೂ ಹೋಗಬಹುದು, ಅಲ್ವಾ? ಹಡಗು ಪ್ರಯಾಣಿಕರ ಹಕ್ಕುಗಳ ಬಗೆಗಿನ ಯುರೋಪ್ ಒಕ್ಕೂಟದ 1177/2010 ನಿಯಮದ ಪ್ರಕಾರ ಕ್ಯಾಬಿನ್ ಬಗೆಗಿನ ಅಗತ್ಯವನ್ನು ಬುಕಿಂಗ್ ಮಾಡುವಾಗಲೇ ತಿಳಿಸಬೇಕು; ಹತ್ತಲು ಇಳಿಯಲು ನೆರವು ಬೇಕಿದ್ದರೆ 48 ಗಂಟೆ ಮೊದಲು.

'ಗ್ಯಾರಂಟಿ ಕ್ಯಾಬಿನ್' ಅನ್ನೋ ಅಗ್ಗದ ಟಿಕೆಟ್ ಕಂಡರೆ ದೂರ ಇರಿ. ಅದರಲ್ಲಿ ಯಾವ ಕ್ಯಾಬಿನ್ ಅನ್ನೋದನ್ನು ಕೊನೆಗೆ ಅವರೇ ನಿರ್ಧರಿಸುತ್ತಾರೆ. ಇನ್ನೊಂದು, ಅಪ್‌ಗ್ರೇಡ್. ಹೊರಡಲು ಮೂರು ವಾರ ಇದ್ದಾಗ "ಖುಷಿ ಸುದ್ದಿ, ನಿಮಗೆ ಬಾಲ್ಕನಿ ಕ್ಯಾಬಿನ್" ಎಂದು ಮೇಲ್ ಬಂತು. ಆ ಕ್ಯಾಬಿನ್‌ನ ಬಾಗಿಲು ಮಾಮೂಲಿ ಅಳತೆಯದು! ಅರ್ಧ ದಿನ ಫೋನಿನಲ್ಲಿ ಜಗಳ ಆಡಿ ಹಳೆಯದನ್ನೇ ವಾಪಸ್ ಪಡೆದೆ. ಈಗ ಬುಕ್ ಮಾಡುವಾಗಲೇ ಅಪ್‌ಗ್ರೇಡ್ ಬೇಡ ಎಂದು ಬರೆಸುತ್ತೇನೆ.

ಹಡಗು ಎಲ್ಲಿ ನಿಲ್ಲುತ್ತದೆ ಅನ್ನೋದನ್ನೂ ನೋಡಿ. ಕೆರಿಬಿಯನ್‌ನ ಗ್ರ್ಯಾಂಡ್ ಕೇಮನ್, ಗ್ರೀಸಿನ ಸ್ಯಾಂಟೊರಿನಿಯಂಥ ಕಡೆ ಹಡಗು ಸಮುದ್ರದಲ್ಲೇ ಲಂಗರು ಹಾಕುತ್ತದೆ. ಟೆಂಡರ್ ಅನ್ನೋ ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಅಲೆ ಜಾಸ್ತಿ ಇದ್ದರೆ ವೀಲ್‌ಚೇರ್ ಇಳಿಸುವುದಿಲ್ಲ, ಭಾರದ ಮೋಟಾರ್ ಕುರ್ಚಿಯನ್ನಂತೂ ಹೆಚ್ಚಿನ ಕಡೆ ಹತ್ತಿಸುವುದೇ ಇಲ್ಲ. ಸ್ಕೂಟರ್ ಇದ್ದವರು ಅದನ್ನು ಕ್ಯಾಬಿನ್ ಒಳಗೇ ಇಡಬೇಕು. ಕಾರಿಡಾರ್‌ನಲ್ಲಿ ಬಿಟ್ಟರೆ ತುರ್ತು ಸಂದರ್ಭದಲ್ಲಿ ಓಡುವವರಿಗೆ ಅಡ್ಡ.

ಇಷ್ಟೆಲ್ಲ ಕೇಳಿದವಳು ಒಂದನ್ನು ಮರೆತಿದ್ದೆ. ಹಾಸಿಗೆಯ ಎತ್ತರ. ಕುರ್ಚಿಯ ಸೀಟಿಗಿಂತ ಐದು ಇಂಚು ಮೇಲಿತ್ತು, ಮಲಗಿಸುವಾಗ ಮತ್ತೆ ನಾನೇ ಬೇಕಾಯಿತು. ಬಾತ್‌ರೂಮ್ ಮಾತ್ರ ಸರಿಯಾಗಿತ್ತು. ಮೊದಲ ಬೆಳಿಗ್ಗೆ ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಭ್ಯಾಸಬಲದಿಂದ ನಾನು ಹೊರಗೇ ನಿಂತಿದ್ದೆ. "ಇನ್ನೂ ಅಲ್ಲೇ ಇದೀಯೇನೇ? ಹೋಗಿ ತಿಂಡಿ ತಿನ್ನು" ಎಂದು ಒಳಗಿಂದಲೇ ಗದರಿದಳು.