ಪ್ಯಾಕೇಜ್ ಬಿಡಿ, ಪಟ್ಟಿ ನೀವೇ ಬರೆಯಿರಿ: ರಕ್ತ ಪರೀಕ್ಷೆ ಆರಿಸುವುದು ಹೇಗೆ?

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯೂ ಈಗ ‘ಫುಲ್ ಬಾಡಿ ಚೆಕಪ್’ ಬ್ಯಾನರ್‌ಗಳು ಕಾಣುತ್ತವೆ. ದುಡ್ಡು ಕೂಡಿಟ್ಟು ಪ್ಯಾಕೇಜ್ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ ದಪ್ಪಕ್ಷರದ ಅಂಕಿ ಕಂಡು ಗಾಬರಿಯಾಗುತ್ತಾರೆ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಅದನ್ನು ಬೀರುವಿಗೆ ಸೇರಿಸುತ್ತಾರೆ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ವರ್ಷ ವರ್ಷ ಆರೋಗ್ಯದ ಮೇಲೆ ಕಣ್ಣಿಡಲು ಬೇಕಾಗುವ ಪರೀಕ್ಷೆಗಳು ಕೆಲವೇ. ಅವನ್ನು ಆರಿಸುವ ಬಗೆ ಹೀಗೆ.

1. ಮನೆಯ ಚರಿತ್ರೆ ಬರೆದುಕೊಳ್ಳಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗೆ ಶುಗರ್, ಹೃದಯಾಘಾತ, ಕಿಡ್ನಿ ಅಥವಾ ಥೈರಾಯ್ಡ್ ತೊಂದರೆ ಇತ್ತು, ನೀವು ನುಂಗುವ ಮಾತ್ರೆಗಳು ಯಾವುವು ಎಂದು ಬರೆದರೆ ಸಾಕು. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ಅಲ್ಲಿಂದಲೇ ಶುರು ಮಾಡಿ.

2. ಮೂಲ ಪಟ್ಟಿ. ಸಿಬಿಸಿ (ಹಿಮೋಗ್ಲೋಬಿನ್ ಮತ್ತು ರಕ್ತಕಣಗಳ ಲೆಕ್ಕ), ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಶುಗರ್), ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್), ಕ್ರಿಯಾಟಿನಿನ್ (ಕಿಡ್ನಿ), ಎಸ್‌ಜಿಪಿಟಿ (ಲಿವರ್). ಶುಗರ್ ಅಥವಾ ಬಿಪಿ ಇರುವವರು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇದೆಯೇ ಎಂದು ತಪ್ಪದೇ ನೋಡಿಸಬೇಕು. ಕಿಡ್ನಿಯ ಹಾನಿ ಎಷ್ಟೋ ಸಲ ರಕ್ತಕ್ಕಿಂತ ಮೊದಲು ಅಲ್ಲೇ ಕಾಣುತ್ತದೆ.

3. ಉಳಿದದ್ದನ್ನು ಹೊಡೆದುಹಾಕಿ. ಜನ ಎಡವುವುದು ಇಲ್ಲೇ. ‘72 ಪರೀಕ್ಷೆ’ ಎಂಬ ಲೆಕ್ಕ ಕೇಳಿ ಮರುಳಾಗಬೇಡಿ. ಸಿಬಿಸಿ ಒಂದರಲ್ಲೇ ಸುಮಾರು 20 ಅಂಕಿಗಳಿರುತ್ತವೆ, ಲಿಪಿಡ್‌ನಲ್ಲಿ ಇನ್ನಷ್ಟು. ಒಂದೊಂದನ್ನೂ ಒಂದು ಪರೀಕ್ಷೆ ಎಂದು ಎಣಿಸಿರುತ್ತಾರೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ‘ನಾರ್ಮಲ್’ ಎಂಬ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ 95ರಷ್ಟು ಜನ ಒಳಗೆ ಬರುವಂತೆ ಗೊತ್ತು ಮಾಡಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ಅಂಕಿ ಗೆರೆ ದಾಟುವ ಸಾಧ್ಯತೆ ಸುಮಾರು ಶೇ 64. ಆ ಒಂದು ಅಂಕಿಯ ಬೆನ್ನು ಹತ್ತಿ ಸ್ಕ್ಯಾನಿಂಗ್, ಮತ್ತೊಂದು ಲ್ಯಾಬ್ ಎಂದು ಅಲೆದಾಟ ಶುರುವಾಗುತ್ತದೆ.

ಹಾಗಾಗಿ ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ ಕೇಳಿ: ಇದು ಏರುಪೇರಾಗಿ ಬಂದರೆ ನಾನು ಏನು ಬದಲಾಯಿಸುತ್ತೇನೆ? ಉತ್ತರ ಇಲ್ಲದಿದ್ದರೆ ಹೊಡೆದುಹಾಕಿ. ಸಿಎ-125, ಸಿಇಎ ಮುಂತಾದ ‘ಕ್ಯಾನ್ಸರ್ ಟೆಸ್ಟ್’ಗಳು ಮೊದಲು ಹೋಗಲಿ. ಸಿಎ-125 ಮುಟ್ಟಿನ ದಿನಗಳಲ್ಲೂ ಏರಬಹುದು, ಕ್ಯಾನ್ಸರ್ ಇದ್ದೂ ನಾರ್ಮಲ್ ಬರಬಹುದು. ಜ್ವರವಿಲ್ಲದವರಿಗೆ ಟೈಫಾಯಿಡ್‌ನ ವಿಡಾಲ್ ಪರೀಕ್ಷೆ ಬೇಡವೇ ಬೇಡ. ತೊಂದರೆ ಏನೂ ಇಲ್ಲದವರಿಗೆ ವಿಟಮಿನ್ ಡಿ ಕೂಡ ಬೇಡ. ಬಿ12ಗೆ ಮಾತ್ರ ಕಾರಣವಿದ್ದರೆ ಜಾಗ ಕೊಡಿ: ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗುವವರು, ಮೊಟ್ಟೆ–ಮಾಂಸ ಮುಟ್ಟದವರು, ಕೈಕಾಲು ಜೋಮು ಹಿಡಿಯುವವರು. ಸುಸ್ತು, ತೂಕದ ಏರಿಳಿತ ಅಥವಾ ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದ್ದರೆ ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ಸೇರಿಸಿ.

ಈ ಪಟ್ಟಿಯಿಂದ ಸಿಬಿಸಿಯನ್ನು ಮಾತ್ರ ತೆಗೆಯಬೇಡಿ. ಎಚ್‌ಬಿಎ1ಸಿ ಸುಮಾರು 3 ತಿಂಗಳ ಶುಗರ್ ಹೇಳುತ್ತದೆ. 5.7ರಿಂದ 6.4 ಅಂಚಿನ ಸ್ಥಿತಿ, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ. ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಈಚೆಗೆ ರಕ್ತ ಏರಿಸಿಕೊಂಡಿದ್ದರೆ, ಹೆಚ್ಚು ರಕ್ತ ಹೋಗಿದ್ದರೆ ಕಡಿಮೆ ತೋರಿಸಬಹುದು. ಹಿಮೋಗ್ಲೋಬಿನ್ 9 ಇರುವ ಹೆಣ್ಣುಮಗಳಿಗೆ ಎಚ್‌ಬಿಎ1ಸಿ 6.2 ಬಂತೆಂದರೆ ಅದೊಂದನ್ನೇ ನಂಬಿ ಶುಗರ್ ಮಾತ್ರೆ ಶುರು ಮಾಡುವುದು ಸರಿಯಲ್ಲ. ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಶುಗರ್ ನೋಡಬೇಕು, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ನೋಡಬೇಕು, ರಕ್ತ ಸುಧಾರಿಸಿದ ಮೇಲೆ ಮತ್ತೆ ಅಳೆಯಬೇಕು.

ಖಾಲಿ ಹೊಟ್ಟೆಯ ಶುಗರ್‌ಗೂ ಒಂದು ಕಾಟವಿದೆ. ತೆಗೆದ ರಕ್ತ ಹಾಗೇ ಕೂತರೆ ಅದರೊಳಗಿನ ಗ್ಲುಕೋಸ್ ಗಂಟೆಗೆ ಶೇ 5ರಿಂದ 7ರಷ್ಟು ಕರಗುತ್ತದೆ. ಹಳ್ಳಿಯ ಶಿಬಿರದಲ್ಲಿ ಬೆಳಿಗ್ಗೆ ರಕ್ತ ತೆಗೆದು ಮಧ್ಯಾಹ್ನ ಊರಿನ ಲ್ಯಾಬಿಗೆ ಮುಟ್ಟಿಸಿದರೆ ಶುಗರ್ ಕಡಿಮೆ ಬಂದು ಇರುವ ಕಾಯಿಲೆ ಮುಚ್ಚಿಹೋಗುತ್ತದೆ. ಗ್ಲುಕೋಸ್ ಕರಗುವುದನ್ನು ತಗ್ಗಿಸುವ ರಾಸಾಯನಿಕವಿರುವ ಬೂದು ಮುಚ್ಚಳದ ಟ್ಯೂಬಿಗೆ ತೆಗೆಯುತ್ತಾರಾ, ಎಷ್ಟು ಹೊತ್ತಿಗೆ ಲ್ಯಾಬ್ ಸೇರುತ್ತದೆ ಎಂದು ಕೇಳಿ. ಉತ್ತರ ಹೇಳದವರ ಬಳಿ ಶುಗರ್ ಕೊಡಬೇಡಿ.

ನಮ್ಮ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ ಎಂದು ರಕ್ತದಲ್ಲಿ ಅದನ್ನು ಅಳೆಸುವವರಿದ್ದಾರೆ. ಅಳೆಸಬೇಕಾದದ್ದು ನೀರನ್ನು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದ ನೀರನ್ನು ಕುಡಿಯಬೇಡಿ. ಮಂಡಿನೋವು, ಸೊಂಟನೋವಿಗೆ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವವರು ಕ್ರಿಯಾಟಿನಿನ್ ಪರೀಕ್ಷೆ ತಪ್ಪಿಸಲೇಬಾರದು.

4. ಪರೀಕ್ಷೆಯ ದಿನ. 8ರಿಂದ 12 ಗಂಟೆ ಉಪವಾಸ. ನೀರು ಕುಡಿಯಬಹುದು, ಕಾಫಿ ಬೇಡ. ಬಿಪಿ ಮಾತ್ರೆ ಬಿಡಬೇಡಿ. ಶುಗರ್ ಮಾತ್ರೆ ಯಾವಾಗ ನುಂಗಬೇಕೆಂದು ವೈದ್ಯರನ್ನು ಕೇಳಿ. ಕೂದಲು ಉದುರದಿರಲು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕನಿಷ್ಠ 2 ದಿನ ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಥೈರಾಯ್ಡ್ ಅಂಕಿ ತಪ್ಪಾಗಬಹುದು. ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟ್ ಹೊತ್ತ ಮರುದಿನ ಬೇಡ. ಸ್ನಾಯು ದಣಿದಾಗ, ಎಸ್‌ಜಿಪಿಟಿ ಜೊತೆ ಬರುವ ಇನ್ನೊಂದು ಲಿವರ್ ಅಂಕಿಯಾದ ಎಸ್‌ಜಿಒಟಿ ಏರಿ, ಲಿವರ್ ಕೆಟ್ಟಿದೆಯೆಂಬ ಭಯ ಹುಟ್ಟಿಸುತ್ತದೆ. ಜ್ವರ ಬಂದು ವಾಸಿಯಾದ ಮೇಲೆ ಒಂದೆರಡು ವಾರ ಬಿಡಿ.

5. ಒಂದೇ ಲ್ಯಾಬ್, ಒಂದು ನೋಟ್‌ಬುಕ್. ಎಲ್ಲ ಸರಿಯಿದ್ದರೆ ಎಲ್ಲವನ್ನೂ ಪ್ರತಿ ವರ್ಷ ಮಾಡಿಸಬೇಕೆಂದಿಲ್ಲ, ಅಂತರ ಎಷ್ಟಿರಲಿ ಎಂದು ವೈದ್ಯರೇ ಹೇಳುತ್ತಾರೆ. ತಾರೀಖು, ಲ್ಯಾಬ್, ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆಯುತ್ತ ಹೋಗಿ. ಕ್ರಿಯಾಟಿನಿನ್ 0.7ರಿಂದ 0.9ಕ್ಕೆ, ಅಲ್ಲಿಂದ 1.1ಕ್ಕೆ ಬಂದರೂ ರಿಪೋರ್ಟ್ ‘ನಾರ್ಮಲ್’ ಎಂದೇ ಅನ್ನಬಹುದು. ಏರಿಕೆ ಕಾಣುವುದು ನಿಮ್ಮ ಸಾಲಿನಲ್ಲಿ. ಪಕ್ಕದಲ್ಲಿ ಇಜಿಎಫ್‌ಆರ್ (ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕಿದ ಕಿಡ್ನಿ ಸೋಸುವ ವೇಗ) ಬರೆಯಿರಿ. ಅದು 60ಕ್ಕಿಂತ ಕೆಳಗೆ 3 ತಿಂಗಳು ನಿಂತರೆ ಕಿಡ್ನಿ ಕಾಯಿಲೆ ಎಂದೇ ಲೆಕ್ಕ. ಅಲ್ಲಿಯವರೆಗೆ ಕಾಯದೆ, ಮೊದಲ ಸಲ ಇಳಿದಾಗಲೇ ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ, ನುಂಗುತ್ತಿರುವ ನೋವಿನ ಮಾತ್ರೆಗಳನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.